ಕಾಯಿಲೆ ಏನೆಂದು ಗೊತ್ತಾಗದಿದ್ದಾಗ: ಆಸ್ಪತ್ರೆಗೆ ಜೊತೆಗೆ ಹೋಗುವ ಗಂಡ, ಹೆಂಡತಿ ಮಾಡಬೇಕಾದ್ದು

ದೊಡ್ಡ ಆಸ್ಪತ್ರೆಯ ಓಪಿಡಿ ಹೊರಗೆ ಒಂದು ಬೆಳಿಗ್ಗೆ ಕೂತು ನೋಡಿ. ಜೋಡಿಗೊಂದು ಬಟ್ಟೆ ಅಂಗಡಿಯ ಕವರ್, ಅದರ ತುಂಬ ರಿಪೋರ್ಟು. ಒಳಗೆ ಕರೆದಾಗ ಅಷ್ಟನ್ನೂ ಡಾಕ್ಟರ ಮೇಜಿನ ಮೇಲೆ ಸುರಿಯುತ್ತಾರೆ. "ಜ್ವರ ಯಾವಾಗಿಂದ?" ಎಂದರೆ ಹೆಂಡತಿ "ದೀಪಾವಳಿಯಿಂದ" ಅನ್ನುತ್ತಾಳೆ, ಗಂಡ "ಇಲ್ಲ, ಅದಕ್ಕೂ ಮೊದಲೇ ಇತ್ತಲ್ಲ" ಅನ್ನುತ್ತಾನೆ. ವಾದ ಮುಗಿಯುವಷ್ಟರಲ್ಲಿ ಮುಂದಿನ ಟೋಕನ್ ಕೂಗುತ್ತಾರೆ.

ನಮ್ಮ ಮನೆಯವರಿಗೆ ಜ್ವರ ಬಂದು ತಿಂಗಳುಗಟ್ಟಲೆ ಬಿಡದಿದ್ದಾಗ ಇಂಥ ಬೆಂಚುಗಳಲ್ಲಿ ಸಾಕಷ್ಟು ಕೂತಿದ್ದೇನೆ. ಕಾಯಿಲೆಗೆ ಹೆಸರು ಸಿಗುವ ತನಕ ಜೊತೆಗಿರುವವರು ಧೈರ್ಯ ಹೇಳಿದರಷ್ಟೇ ಸಾಲದು. ಅಂಗಡಿ ಗುಮಾಸ್ತರ ಹಾಗೆ ಲೆಕ್ಕ ಬರೆಯಬೇಕು.

ಹಂತ 1: ಒಬ್ಬ ಡಾಕ್ಟರನ್ನು ಹಿಡಿಯಿರಿ

ಜನರಲ್ ಮೆಡಿಸಿನ್‌ನ ಒಬ್ಬ ಫಿಸಿಷಿಯನ್ ಸಾಕು. ಉಳಿದ ತಜ್ಞರ ಹತ್ತಿರ ಅವರೇ ಕಳಿಸಲಿ.

ಹಂತ 2: ಜ್ವರ ಅಳೆದು ಬರೆಯಿರಿ

101 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಜಾಸ್ತಿ ಜ್ವರ ಮೂರು ವಾರ ದಾಟಿಯೂ ಕಾರಣ ಸಿಗದಿದ್ದರೆ ಡಾಕ್ಟರುಗಳು 'ಪಿಯುಒ' ಅನ್ನುತ್ತಾರೆ. 1961ರಲ್ಲಿ ಪೀಟರ್ಸ್‌ಡಾರ್ಫ್ ಮತ್ತು ಬೀಸನ್ ಎಂಬ ಇಬ್ಬರು ವೈದ್ಯರು ಹಾಕಿಕೊಟ್ಟ ಅಳತೆ ಇದು. ಹಾಗಾಗಿ "ಮೈ ಬಿಸಿ ಇತ್ತು" ಅಂದರೆ ಲೆಕ್ಕಕ್ಕೆ ಬರುವುದಿಲ್ಲ, ನಂಬರ್ ಬೇಕು. ಹಣೆಗೆ ಹಿಡಿಯುವ ಗನ್ ಥರ್ಮಾಮೀಟರ್ ಕೊಳ್ಳಲೇಬೇಡಿ. ಬೆವರಿದ್ದರೆ ಒಂದು, ಫ್ಯಾನಿನ ಕೆಳಗೆ ಇನ್ನೊಂದು ತೋರಿಸುತ್ತದೆ. ಸಾದಾ ಡಿಜಿಟಲ್ ಥರ್ಮಾಮೀಟರನ್ನು ನಾಲಿಗೆ ಕೆಳಗಿಟ್ಟು ನೋಡಿ. ಕಾಫಿ ಕುಡಿದಿದ್ದರೆ ಇಪ್ಪತ್ತು ನಿಮಿಷ ಬಿಡಿ. ಪ್ಯಾರಾಸಿಟಮಾಲ್ ಕೊಡುವ ಮೊದಲೇ ಅಳೆಯಿರಿ. ಗಂಟೆಯನ್ನೂ ಬರೆಯಿರಿ.

ಹಂತ 3: ಒಂದೇ ಹಾಳೆಯ ಕಥೆ

ಎಲ್ಲರೂ ಎಡವುವುದು ಇಲ್ಲೇ. ಫೈಲು ಎಷ್ಟು ದಪ್ಪ ಇದ್ದರೂ ಮೇಲೆ ಒಂದೇ ಒಂದು ಹಾಳೆ ಇರಬೇಕು. ಡಾಕ್ಟರು ಅದನ್ನು ಒಂದು ನಿಮಿಷದಲ್ಲಿ ಓದಿ ಮುಗಿಸುವಂತಿರಬೇಕು. ನನ್ನ ಮಟ್ಟಿಗೆ ಕೈಬರಹವೇ ಸರಿ. ಮೊಬೈಲ್ ಆ್ಯಪ್‌ಗಳನ್ನು ತೆರೆದು ತೋರಿಸುವಷ್ಟರಲ್ಲಿ ಸಮಯ ಹೋಗುತ್ತದೆ.

ಎಡಕ್ಕೆ ತಾರೀಕು, ಬಲಕ್ಕೆ ಏನಾಯಿತು ಎಂದು ಬರೆಯಿರಿ. ಮೊದಲ ಜ್ವರ, ಮೊದಲ ಆಸ್ಪತ್ರೆ, ಅಲ್ಲಿ ಕೊಟ್ಟ ಮಾತ್ರೆ, ಎಷ್ಟು ದಿನ ನುಂಗಿದ್ದು, ಕಡಿಮೆಯಾಯಿತೋ ಇಲ್ಲವೋ. "ಟೈಫಾಯ್ಡ್ ಅಂದ್ರು" ಎಂದು ಬರೆಯಬೇಡಿ. ಯಾವ ಪರೀಕ್ಷೆ ಮಾಡಿ ಹಾಗಂದರು ಎಂದು ಬರೆಯಿರಿ. ಬರೀ ವಿಡಾಲ್ ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಟೈಫಾಯ್ಡ್ ಎಂದು ತೀರ್ಮಾನ ಆಗುವುದಿಲ್ಲ. ನಮ್ಮೂರುಗಳಲ್ಲಿ ಅದನ್ನೇ ನಂಬಿ ಡ್ರಿಪ್ ಹಾಕಿಸಿಕೊಂಡವರು ಎಷ್ಟು ಜನ!

ಮಾತ್ರೆಗಳ ಪಟ್ಟಿಯಲ್ಲಿ ನಾಚಿಕೆ ಬೇಡ. ನಾಟಿ ಔಷಧಿ, ಲೇಹ್ಯ, ಮೆಡಿಕಲ್ ಶಾಪಿನವರು ಸುಮ್ನೆ ಕೊಟ್ಟ ಗುಳಿಗೆ ಎಲ್ಲವೂ ಬರಲಿ. ಮೆಡಿಕಲ್ ಶಾಪಿನ ಈ ಅಡ್ಡದಾರಿ ತುಂಬ ದುಬಾರಿ ಬೀಳುತ್ತದೆ. ಸ್ಟೆರಾಯ್ಡ್ ನುಂಗಿದರೆ ಎರಡು ದಿನದಲ್ಲಿ ಜ್ವರ, ನೋವು ಇಳಿಯಬಹುದು. ಆದರೆ ಒಳಗೆ ಲಿಂಫೋಮಾ ಎಂಬ ಗ್ರಂಥಿಯ ಕ್ಯಾನ್ಸರ್ ಇದ್ದರೆ ಆಮೇಲೆ ಮಾಡಿದ ಬಯಾಪ್ಸಿಯಲ್ಲಿ (ತುಂಡು ತೆಗೆದು ನೋಡುವ ಪರೀಕ್ಷೆ) ಅದು ಸರಿಯಾಗಿ ಕಾಣದೇ ಹೋಗಬಹುದು. ಲಿವೋಫ್ಲಾಕ್ಸಸಿನ್ ಥರದ ಆ್ಯಂಟಿಬಯಾಟಿಕ್ ಟಿಬಿಯನ್ನು ಅರ್ಧಂಬರ್ಧ ಅಡಗಿಸಿ ಪತ್ತೆಯನ್ನು ತಡ ಮಾಡುತ್ತದೆ.

ಹಾಳೆಯ ಹಿಂಬದಿಗೆ, ಯಾರೂ ಕೇಳದಿದ್ದರೂ, ಇವನ್ನು ಬರೆಯಿರಿ: ಎಷ್ಟು ಕೆಜಿ ಇಳಿದಿದ್ದಾರೆ, ರಾತ್ರಿ ಬನಿಯನ್ ಒದ್ದೆಯಾಗುವಷ್ಟು ಬೆವರುತ್ತಾರಾ, ಬಾಯಿ ಹುಣ್ಣು, ಗಂಟು ನೋವು, ಕೂದಲು ಉದುರುವುದು. ಮನೆಯಲ್ಲಿ ದನ, ಕುರಿ ಇವೆಯಾ, ಹಸಿ ಹಾಲು ಕುಡಿದಿದ್ದಾರಾ? ದನ, ಕುರಿಗಳಿಂದ ಹರಡುವ ಬ್ರುಸೆಲ್ಲಾ ಸೋಂಕು ಬರುವುದು ಹಾಗೆ. ಕೆಸರು ಗದ್ದೆಗೆ ಇಳಿದಿದ್ದರೆ ಇಲಿ ಜ್ವರದ ಅನುಮಾನ. ಮಲೆನಾಡಿನ ಕಾಡು ಸುತ್ತಿ ಬಂದಿದ್ದರೆ ಅದನ್ನೂ ಹೇಳಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲೇ.

ಇನ್ನೊಂದು ಕೆಲಸ ಗಂಡ ಅಥವಾ ಹೆಂಡತಿಯೇ ಮಾಡಬೇಕಾದ್ದು. ಸ್ನಾನದ ಹೊತ್ತಿನಲ್ಲಿ ಮೈಯೆಲ್ಲ ನೋಡಿ. ಕಂಕುಳು, ತೊಡೆಸಂದು, ಎದೆಯ ಕೆಳಗೆ, ಉಡಿದಾರ ಕಟ್ಟುವ ಜಾಗ. ಅಲ್ಲಿ ನೋವಿಲ್ಲದ, ಸುತ್ತ ಕೆಂಪಗಾದ ಕಪ್ಪು ಹಕ್ಕಳೆ ಇದ್ದರೆ ಸ್ಕ್ರಬ್ ಟೈಫಸ್ ಎಂಬ, ಸಣ್ಣ ಹುಳ ಕಚ್ಚಿ ಬರುವ ಜ್ವರ ಇರಬಹುದು. ಗಡಿಬಿಡಿಯ ಓಪಿಡಿಯಲ್ಲಿ ಅದು ಕಣ್ಣಿಗೆ ಬೀಳುವುದು ಕಷ್ಟ.

ಹಂತ 4: ಡಾಕ್ಟರ ಮುಂದೆ

ಹಾಳೆ ಕೊಟ್ಟು ಸುಮ್ಮನಿರಿ. ಮೊದಲು ಕಾಯಿಲೆಯವರೇ ಮಾತಾಡಲಿ. ಗಂಡಂದಿರು "ಇವಳಿಗೆ ಟೆನ್ಷನ್ ಜಾಸ್ತಿ ಡಾಕ್ಟ್ರೇ" ಅನ್ನುವುದನ್ನು ಎಷ್ಟು ಸಲ ಕೇಳಿದ್ದೇನೋ. ಆ ಒಂದು ಮಾತಿಗೆ ಪರೀಕ್ಷೆಗಳೇ ನಿಂತುಹೋಗಬಹುದು. ಮಧ್ಯದಲ್ಲಿ ಏನಾದರೂ ನೆಪ ಹೇಳಿ ಎರಡು ನಿಮಿಷ ಹೊರಗೂ ಹೋಗಿ. ನಿಮ್ಮೆದುರು ಹೇಳಲಾಗದ್ದು ಅವರಿಗೆ ಇರಬಹುದು, ಅಲ್ವಾ?

ಹಂತ 5: ಪರೀಕ್ಷೆಯ ದಿನಗಳು

ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆ ಅಂದರೆ ನೀರೂ ಬೇಡ ಅಂತಲ್ಲ. ನೀರು ಕುಡಿದಿದ್ದರೆ ನರ ಸಿಗುವುದೂ ಸುಲಭ. 24 ಗಂಟೆಯ ಮೂತ್ರ ಸಂಗ್ರಹಕ್ಕೆ ಮೊದಲ ದಿನ ಬೆಳಿಗ್ಗೆಯ ಮೂತ್ರ ಚೆಲ್ಲಿ. ಆಮೇಲಿನದ್ದೆಲ್ಲ ಕ್ಯಾನಿಗೆ, ಮರುದಿನ ಬೆಳಗಿನ ಮೊದಲನೆಯದೂ ಸೇರಿ. ಎಂಆರ್‌ಐ ಇದ್ದರೆ ತಾಳಿ, ಕಾಲುಂಗುರ, ಮೂಗುತಿ ಹಿಂದಿನ ರಾತ್ರಿಯೇ ತೆಗೆಯಿರಿ. ಬಿಗಿಯಾದ ಮೂಗುತಿ ಸ್ಕ್ಯಾನ್ ಬಾಗಿಲಲ್ಲಿ ಬರುವುದೇ ಇಲ್ಲ. ಕಾಂಟ್ರಾಸ್ಟ್ ಔಷಧಿ ಚುಚ್ಚಿ ಮಾಡುವ ಸಿಟಿ ಸ್ಕ್ಯಾನ್ ಆದರೆ ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟ್ ಜೊತೆಗಿರಲಿ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ.

ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಎರಡು ಕೈಯಿಂದಲೂ ರಕ್ತ ತೆಗೆದರೆ "ಎಷ್ಟು ರಕ್ತ ತೆಗೀತೀರಿ?" ಎಂದು ನರ್ಸ್ ಮೇಲೆ ರೇಗಬೇಡಿ. ಎರಡು ಕಡೆಯಿಂದ ತೆಗೆದರೇ ರಿಪೋರ್ಟಿಗೆ ಬೆಲೆ. ಅದನ್ನು ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ ತೆಗೆಯುತ್ತಾರೆ. ಪೂರ್ತಿ ರಿಪೋರ್ಟಿಗೆ ಐದು ದಿನ ಹಿಡಿಯಬಹುದು.

ಹಂತ 6: ಬಯಾಪ್ಸಿ ಬಾಟಲಿ

ಕುತ್ತಿಗೆಯ ಗಂಟಿನಿಂದ ತುಂಡು ತೆಗೆಯುತ್ತಾರೆ ಅಂದಾಗ ಸರ್ಜನ್‌ಗೆ ಹಿಂದಿನ ದಿನವೇ ಒಂದು ಪ್ರಶ್ನೆ ಕೇಳಿ: "ಟಿಬಿ ಪರೀಕ್ಷೆಗೂ ಬೇರೆ ತುಂಡು ಕಳಿಸ್ತೀರಾ ಸರ್?" ಪೆಥಾಲಜಿಗೆ ಹೋಗುವ ತುಂಡನ್ನು ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಹಾಕುತ್ತಾರೆ. ಫಾರ್ಮಲಿನ್‌ನಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ, ಆಮೇಲೆ ಕಲ್ಚರ್ ಮಾಡಲು ಏನೂ ಉಳಿಯುವುದಿಲ್ಲ. ಕಲ್ಚರ್‌ಗೆ, ಜೀನ್‌ಎಕ್ಸ್‌ಪರ್ಟ್‌ಗೆ (ಟಿಬಿ ಪತ್ತೆಯ ಯಂತ್ರ ಪರೀಕ್ಷೆ) ಹೋಗುವ ತುಂಡು ಸಲೈನ್‌ನಲ್ಲಿರಬೇಕು. ಎಷ್ಟೋ ಕಡೆ ಬಾಟಲಿ ಹಿಡಿದು ಲ್ಯಾಬಿಗೆ ಓಡುವವರು ಮನೆಯವರೇ. ಲೇಬಲ್ ಮೇಲೆ ಹೆಸರು, ಯುಎಚ್‌ಐಡಿ (ಆಸ್ಪತ್ರೆ ಕೊಟ್ಟ) ನಂಬರ್ ಸರಿ ಇದೆಯಾ, ಯಾವ ಬಾಟಲಿಯಲ್ಲಿ ಏನಿದೆ ಎಂದು ಓಟಿ ಬಾಗಿಲಲ್ಲೇ ಕೇಳಿ ನೋಡಿಕೊಳ್ಳಿ. ಎರಡು ಲ್ಯಾಬಿಗೆ ಎರಡು ರಸೀದಿ ಪಡೆಯಿರಿ. ಜೀನ್‌ಎಕ್ಸ್‌ಪರ್ಟ್ ಸರ್ಕಾರದ ಟಿಬಿ ಕಾರ್ಯಕ್ರಮದಲ್ಲಿ ಉಚಿತ. ಹಾಗಾಗಿ "ದುಡ್ಡು ಖರ್ಚಾಗುತ್ತೆ" ಎಂದು ಬಿಡಬೇಡಿ.

ನಮ್ಮ ಮನೆಯವರಿಗೆ ಕೊನೆಗೆ ಸಿಕ್ಕ ಉತ್ತರ ಗ್ರಂಥಿಯ ಟಿಬಿ. ಸಲೈನ್ ಬಾಟಲಿಯಿಂದಲೇ ಅದು ಗೊತ್ತಾಯಿತು.

ಹಂತ 7: ರಿಪೋರ್ಟ್ ಬರುವ ತನಕ

ಪಿಡಿಎಫ್ ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್‌ಗೆ ಬರುತ್ತದೆ. ಯಾರು ತೆರೆಯಬೇಕು ಎಂದು ಇಬ್ಬರೂ ಮೊದಲೇ ಮಾತಾಡಿಕೊಳ್ಳಿ. ಕಾಯಿಲೆಯವರಿಂದ ಮುಚ್ಚಿಡುವುದು ಬೇಡ, ಆದರೆ ರಾತ್ರಿಯೇ ತೆರೆಯಲೇಬೇಕು ಅಂತಲೂ ಇಲ್ಲ. ದಪ್ಪಕ್ಷರದಲ್ಲಿ ಬಂದ ನಂಬರ್ ಎಲ್ಲ ಕಾಯಿಲೆಯಲ್ಲ. ಇಎಸ್‌ಆರ್ ಎಂಬ ರಕ್ತಪರೀಕ್ಷೆಯ ನಂಬರ್ ಏರಿದೆ ಎಂದರೆ ಎಲ್ಲೋ ಉರಿಯೂತ ಇರಬಹುದು ಅಂತ ಅಷ್ಟೇ, ಎಲ್ಲಿ ಎಂದು ಅದು ಹೇಳುವುದಿಲ್ಲ. ಈ ಕಾಯುವ ಹೊತ್ತಿನಲ್ಲೇ 'ಫುಲ್ ಬಾಡಿ ಚೆಕಪ್' ಪ್ಯಾಕೇಜಿನ ಫೋನುಗಳು ಬರುತ್ತವೆ. ಕಟ್ ಮಾಡಿ. ಡಾಕ್ಟರು ಬೇಡ ಅಂದದ್ದನ್ನು ನೀವೇ ಕೊಂಡು ಮಾಡಿಸಿದರೆ ತಲೆನೋವು ಇನ್ನೊಂದು ಸೇರುತ್ತದೆ. ನೆಂಟರಿಗೆ "ಪರೀಕ್ಷೆ ನಡೀತಿದೆ, ಗೊತ್ತಾದ್ಮೇಲೆ ಹೇಳ್ತೀವಿ" ಎಂಬ ಒಂದೇ ಸಾಲು ಸಾಕು.

ಜ್ವರದ ಜೊತೆ ತೊದಲು, ಗೊಂದಲದ ಮಾತು, ಉಸಿರಾಟದ ಕಷ್ಟ, ಫಿಟ್ಸ್, ರಕ್ತಸ್ರಾವ ಕಂಡರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. ನೇರ ಎಮರ್ಜೆನ್ಸಿಗೆ ಹೋಗಿ.

ಹಂತ 8: ವಿಮೆ ಮತ್ತು ಕಾಗದ

"ಅಡ್ಮಿಟ್ ಮಾಡ್ಸಿ, ಇನ್ಶೂರೆನ್ಸ್‌ನಲ್ಲಿ ಎಲ್ಲ ಟೆಸ್ಟ್ ಮಾಡ್ಸೋಣ" ಎಂದು ಹೇಳುವವರು ಸಿಗುತ್ತಾರೆ. ಬರೀ ಪರೀಕ್ಷೆಗಾಗಿ ಅಡ್ಮಿಟ್ ಆದರೆ ಖರ್ಚು ಕೊಡುವುದಿಲ್ಲ ಎಂಬ ಷರತ್ತು ಆರೋಗ್ಯ ವಿಮೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಪಾಲಿಸಿಯಲ್ಲಿ 'Excl04' ಎಂದು ಹುಡುಕಿ. ಆದರೆ ಚಿಕಿತ್ಸೆಗೆ ದಾಖಲಾದರೆ, ಅದಕ್ಕೆ ಮುಂಚಿನ ಪರೀಕ್ಷೆಗಳ ಖರ್ಚು ಎಷ್ಟೋ ಪಾಲಿಸಿಗಳಲ್ಲಿ ಸಿಗುತ್ತದೆ. ಹಾಗಾಗಿ ಪ್ರತಿ ಬಿಲ್ಲಿಗೂ ಡಾಕ್ಟರ ಚೀಟಿ ಪಿನ್ ಮಾಡಿಡಿ.

ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕೆನಿಸಿದರೆ ರಿಪೋರ್ಟಿನ ಜೆರಾಕ್ಸ್ ಅಷ್ಟೇ ಒಯ್ಯಬೇಡಿ. ಸ್ಕ್ಯಾನಿನ ಸಿಡಿ ಒಯ್ಯಿರಿ. ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ ಬೇಕೆಂದು ಪೆಥಾಲಜಿ ವಿಭಾಗಕ್ಕೆ ಒಂದು ಅರ್ಜಿ ಬರೆದುಕೊಡಿ, ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಬ್ಲಾಕ್ ಅಂದರೆ ಆ ತುಂಡನ್ನು ಹುದುಗಿಸಿಟ್ಟ ಮೇಣದ ಗಟ್ಟಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ.