ಕಣ್ಣಳತೆಯನ್ನು ತೂಗಿ ಇಟ್ಟುಕೊಂಡಿದ್ದು

ಯಾರೋ ಹೇಳಿದ, ಎಲ್ಲೋ ಬರೆದ ಅಡುಗೆಯನ್ನು ನಂಬಬಹುದೋ ಇಲ್ಲವೋ ಅಂತ ತಿಳಿಯಲು ನಾನು ಮೊದಲು ನೋಡುವುದು ಹುಳಿ ಯಾವಾಗ ಬೀಳುತ್ತದೆ ಅನ್ನುವುದನ್ನು. ಹುಣಸೆ ರಸ ಕುದಿಸಿ, ಅದಕ್ಕೆ ಹಸಿ ತರಕಾರಿ ಹಾಕಿ ಬೇಯಿಸಿ ಅಂದವರ ಸಾಂಬಾರನ್ನು ನಾನು ಮುಂದಕ್ಕೆ ಓದುವುದಿಲ್ಲ. ಹುಳಿಯ ನೀರಿನಲ್ಲಿ ತರಕಾರಿಯಾಗಲಿ ಬೇಳೆಯಾಗಲಿ ಬೇಗ ಮೆತ್ತಗಾಗುವುದಿಲ್ಲ, ವಾರಕ್ಕೆರಡು ಸಲ ಸಾಂಬಾರು ಮಾಡುವ ಯಾರಿಗೂ ಇದು ಗೊತ್ತು. ಬೆಂಡೆಕಾಯಿ ಮಾತ್ರ ಬೇರೆ ಜಾತಿ. ಅದರ ಲೋಳೆ ಮುರಿಯಲು ಹುಳಿ ಮೊದಲೇ ಬೇಕು. ಕೇಸರಿಬಾತಿಗೂ ಇಂಥದೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಹುರಿದ ರವೆ ಕುದಿಯುವ ನೀರಿನಲ್ಲಿ ಅರಳಿ ಬೆಂದ ಮೇಲೆ ಸಕ್ಕರೆ ಬೀಳಬೇಕು. ಮೊದಲೇ ಬಿದ್ದರೆ ನೀರನ್ನು ಸಕ್ಕರೆಯೇ ಹಿಡಿದುಕೊಳ್ಳುತ್ತದೆ, ರವೆ ನಾಲಿಗೆಗೆ ಮರಳು ಮರಳಾಗಿ ಸಿಗುತ್ತದೆ. ಬಿಸಿಬೇಳೆಬಾತನ್ನು ಇಳಿಸುವಾಗ ಸ್ವಲ್ಪ ನೀರಾಗಿಯೇ ಇರಲಿ ಎಂದು ಹೇಳದವರು, ಮಾಡಿದ ಕೂಡಲೇ ಫೋಟೋ ತೆಗೆದುಕೊಂಡವರು. ನೆಂಟರು ಒಂದು ಗಂಟೆ ತಡವಾಗಿ ಬಂದಾಗ ಬಡಿಸಿದವರಲ್ಲ.

ಅಡುಗೆ ನನ್ನ ಉದ್ಯೋಗವಲ್ಲ. ಹುಟ್ಟಿದ್ದು ಸಾಗರದ ಕಡೆ, ಮದುವೆಯಾಗಿ ಬಂದದ್ದು ದಾವಣಗೆರೆಗೆ. ರುಚಿ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಊರು ಕಡಿಮೆ. ಒಂದು ಕಡೆ ಹೊರಟರೆ ಶಿವಮೊಗ್ಗ, ಮಲೆನಾಡು. ಇನ್ನೊಂದು ಕಡೆ ಹರಿಹರ ದಾಟಿದರೆ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ. ಬೆಣ್ಣೆದೋಸೆ, ಮಂಡಕ್ಕಿ–ಮೆಣಸಿನಕಾಯಿ ಎಲ್ಲರಿಗೂ ಗೊತ್ತು, ಅದನ್ನು ಬಿಡಿ. ನನಗೆ ಬೇಕಾದದ್ದು ನಮ್ಮ ಬೀದಿಯ ಮನೆಗಳ ಒಳಗಿನದು. ಒಂದು ಮನೆಯಲ್ಲಿ ಜೋಳದ ರೊಟ್ಟಿ–ಗುರೆಳ್ಳು ಪುಡಿ, ಅದರಾಚೆ ಮನೆಯಲ್ಲಿ ರಾಗಿ ಮುದ್ದೆ–ಉಪ್ಪೆಸರು, ನಮ್ಮಲ್ಲಿ ಒಂದೆಲಗದ ತಂಬುಳಿ. ಡಬ್ಬಿಗಳು ಆಚೆ ಈಚೆ ಓಡಾಡುತ್ತಲೇ ಇರುತ್ತವೆ. ಡಬ್ಬಿಯನ್ನು ಖಾಲಿ ವಾಪಸು ಕೊಡಬಾರದೆಂಬ ರೂಢಿ ಇರುವುದರಿಂದ ಹುಡುಕಾಟ ತಾನೇ ತಾನಾಗಿ ನಡೆಯುತ್ತದೆ.

ಚೆನ್ನಾಗಿದೆ ಅನ್ನಿಸಿದ್ದನ್ನು ಬರೆದಿಟ್ಟುಕೊಳ್ಳುವುದು, ಬರೆದದ್ದನ್ನು ಬೇಕಾದವರಿಗೆ ಕಳಿಸುವುದು, ಇಷ್ಟೇ ನನ್ನ ಕೆಲಸ. ಮಾಡುತ್ತಾ ಮಾಡುತ್ತಾ ಗೊತ್ತಾದದ್ದು, ಒಳ್ಳೆಯ ಅಡುಗೆ ಮಾಡುವವರಿಗೆ ತಾವೇನು ಮಾಡುತ್ತೇವೆಂದು ಹೇಳಲು ಬರುವುದಿಲ್ಲ. ಕೇಳಿದರೆ ಅವರು ಹೇಳುವುದೇ ಒಂದು, ಒಲೆಯ ಮುಂದೆ ಕೈ ಮಾಡುವುದು ಇನ್ನೊಂದು. ಆದ್ದರಿಂದ ಫೋನಿನಲ್ಲಿ ಕೇಳಿ ಬರೆದುಕೊಳ್ಳುವುದನ್ನು ಬಿಟ್ಟು, ಅವರು ಮಾಡುವ ದಿನ ಪಕ್ಕದಲ್ಲಿ ಹೋಗಿ ನಿಲ್ಲುತ್ತೇನೆ. ಕೈಯಲ್ಲಿ ಒಂದು ಸಣ್ಣ ಡಿಜಿಟಲ್ ತಕ್ಕಡಿ.

ತಕ್ಕಡಿಯನ್ನು ಅವರ ಮುಂದಿಟ್ಟು "ತೂಗಿ ಹಾಕಿ" ಅಂದರೆ ಕೆಲಸ ಕೆಟ್ಟಂತೆಯೇ. ಕೈ ಹೆದರಿಬಿಡುತ್ತದೆ, ಆ ದಿನ ಉಪ್ಪು ಹೆಚ್ಚುಕಡಿಮೆ ಆಗುತ್ತದೆ. ನಾನು ಮಾಡುವುದು ಹೀಗೆ: ಅವರು ಸೆರಗು ಸಿಕ್ಕಿಸಿಕೊಂಡು ಶುರು ಮಾಡುವ ಮೊದಲೇ ಉಪ್ಪಿನ ಭರಣಿ, ಮೆಣಸಿನ ಡಬ್ಬಿ, ಬೆಲ್ಲ, ಎಣ್ಣೆಯ ಮಿಳ್ಳೆ ಎಲ್ಲವನ್ನೂ ಮುಚ್ಚಳ ಸಮೇತ ತೂಗಿ ಬರೆದಿಟ್ಟುಕೊಳ್ಳುತ್ತೇನೆ. ನೀರಿಗೆ ಒಂದು ಚೆಂಬನ್ನು ಅಳೆದು ತುಂಬಿಸಿ ಹತ್ತಿರ ಇಡುತ್ತೇನೆ, ಇದರಿಂದಲೇ ತೆಗೆದುಕೊಳ್ಳಿ ಅಂತ. ಆಮೇಲೆ ಬಾಯಿ ಮುಚ್ಚಿಕೊಂಡು ನೋಡುವುದು. ಅಡುಗೆ ಇಳಿಸಿದ ಮೇಲೆ ಅವೇ ಡಬ್ಬಿಗಳನ್ನು ಮತ್ತೊಮ್ಮೆ ತೂಗಿದರೆ ಎಷ್ಟು ಕಡಿಮೆಯಾಗಿದೆಯೋ ಅಷ್ಟು ಅವರ ಕಣ್ಣಳತೆ. ಒಗ್ಗರಣೆಯ ಸಾಸಿವೆ, ಇಂಗಿನಂಥ ಚಿಟಿಕೆ ಲೆಕ್ಕದವು ಈ ತಕ್ಕಡಿಗೆ ಸಿಗುವುದಿಲ್ಲ, ಅವನ್ನು ಚಮಚದಲ್ಲೇ ಬರೆಯುತ್ತೇನೆ.

ನನ್ನ ಚಿಕ್ಕತ್ತೆಯ ಸಾರಿನ ಪುಡಿಯನ್ನು ಹೀಗೇ ಹಿಡಿದದ್ದು. ಅಳತೆ ಎಷ್ಟು ಅಂತ ಮೊದಲು ಕೇಳಿದಾಗ ಅವರು ನಕ್ಕುಬಿಟ್ಟಿದ್ದರು. "ಅಳತೆ ಎಂತದು ಮಾರಾಯ್ತಿ, ನೋಡಿ ಹಾಕುದು." ಸರಿ, ನೋಡೋಣ ಅಂತ ಹೋದೆ. ಬೇಸಿಗೆಯ ದಿನ, ಬ್ಯಾಡಗಿ ಮೆಣಸಿನಕಾಯಿ ಅಂಗಳದಲ್ಲಿ ಒಣಗಿ ತೊಟ್ಟು ಮುರಿದರೆ ಲಟಕ್ಕೆನ್ನುವಷ್ಟು ಆಗಿತ್ತು. ದಪ್ಪ ತಳದ ಬಾಣಲೆ, ಸಣ್ಣ ಉರಿ. ಕೊತ್ತಂಬರಿ ಬೀಜ ಮೊದಲು. ಅದರ ಬಣ್ಣವನ್ನು ಅವರು ನೋಡಲೇ ಇಲ್ಲ, ಒಂದು ಕಾಳು ಬಾಯಿಗೆ ಹಾಕಿ ಕಚ್ಚಿದರು. ಕಟುಂ ಅಂದ ಮೇಲೆ ಮೊರಕ್ಕೆ ಸುರಿದರು. ಜೀರಿಗೆಗೂ ಕಾಳುಮೆಣಸಿಗೂ ಹೆಚ್ಚು ಹೊತ್ತಿಲ್ಲ. ಮೆಂತ್ಯ ಹಾಕಿದಾಗ ಮಾತ್ರ ಮಾತು ನಿಂತಿತು. ಕಾಳು ಇನ್ನೂ ಹಳದಿ ಇರುವಾಗಲೇ ಒಲೆ ಆರಿಸಿದರು, ಬಾಣಲೆಯ ಕಾವಿನಲ್ಲೇ ಅದು ಕೆಂಪಿಗೆ ತಿರುಗಿತು. "ಉರಿ ಮೇಲೆ ಕೆಂಪು ಮಾಡಿದ್ರೆ ಇಳಿಸುವಷ್ಟರಲ್ಲಿ ಕಪ್ಪಾಗಿರ್ತದೆ. ಕಹಿ ಒಂದು ವರ್ಷ ತಿನ್ನಬೇಕು." ಈ ಮಾತನ್ನು ಅವರು ಅದಕ್ಕೆ ಮೊದಲು ಎಂದೂ ಹೇಳಿರಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ, ಅವರಿಗೆ ಅದು ಹೇಳುವ ವಿಷಯವೇ ಅಲ್ಲ.

ಡಬ್ಬಿಗಳ ಲೆಕ್ಕ ಬಂದದ್ದು ಹೀಗೆ: ಕೊತ್ತಂಬರಿ ಬೀಜ 250 ಗ್ರಾಂ, ಬ್ಯಾಡಗಿ 150, ಜೀರಿಗೆ 60, ಕಾಳುಮೆಣಸು 40, ಮೆಂತ್ಯ ಮತ್ತು ಸಾಸಿವೆ ತಲಾ 25, ಎರಡು ಹಿಡಿ ಕರಿಬೇವು, ಎಣ್ಣೆಯಲ್ಲಿ ಉಬ್ಬಿಸಿದ ಗಟ್ಟಿ ಇಂಗು. ಮೆಣಸಿನಕಾಯಿಯನ್ನು ಎಷ್ಟು ಅಂತ ಎಣಿಸಿ ಬರೆದವರನ್ನು ನಾನು ನಂಬುವುದಿಲ್ಲ. ಯಾವ ಊರಿನ ಮೆಣಸಿನಕಾಯಿ ಅಂತ ಬರೆಯದವರನ್ನಂತೂ ಇಲ್ಲವೇ ಇಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿದ ನಮ್ಮ ಬ್ಯಾಡಗಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಅದೇ 150 ಗ್ರಾಂ ಜಾಗದಲ್ಲಿ ಗುಂಟೂರು ಹಾಕಿದರೆ ಸಾರನ್ನು ಕುಡಿಯುವುದಿರಲಿ, ಮೂಸಲೂ ಆಗುವುದಿಲ್ಲ.

ಪಕ್ಕದ ಮನೆಯ ಅವ್ವನ ಹತ್ತಿರ ರೊಟ್ಟಿ ಕಲಿಯಲು ಹೋದಾಗ ತಕ್ಕಡಿಯ ಆಟ ನಡೆಯಲಿಲ್ಲ. "ಇದನ್ಯಾಕ ತಂದೀಯವ್ವಾ? ಹಿಟ್ಟು ಎಷ್ಟು ದಿನದ್ದು ಅಂತ ನಿನ್ನ ತಕ್ಕಡಿಗೆ ಗೊತ್ತಾಗತೈತೇನು?" ಅಂದರು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ತಾನೇ ಹಿಡಿದುಕೊಳ್ಳುವ ಅಂಟಿಲ್ಲ. ಕುದಿಯುವ ಎಸರು ಹಾಕಿ ಒಂದಿಷ್ಟು ಹಿಟ್ಟು ಬೆಂದಾಗಲೇ ಜಿಗಿ ಬರುವುದು. ಬೀಸಿ ಬಹಳ ದಿನವಾದ ಹಿಟ್ಟಿಗೆ ಆ ಜಿಗಿಯೂ ಬರುವುದಿಲ್ಲ, ಬಡಿಯುವಾಗ ಅಂಚು ಸೀಳುತ್ತದೆ. ಹಾಗಾಗಿ ಅವರ ರೊಟ್ಟಿಯ ಹಾಳೆಯಲ್ಲಿ ಗ್ರಾಂ ಇಲ್ಲ. ಹಿಟ್ಟು ಬೀಸಿಸಿದ್ದು ಯಾವಾಗ, ಎಸರಿನ ಹಿಟ್ಟು ಕೈಗೆ ಹೇಗೆ ಸಿಗಬೇಕು, ನಾದುವಾಗ ತಣ್ಣೀರು ಎಷ್ಟೆಷ್ಟಾಗಿ ಚಿಮುಕಿಸಬೇಕು, ಇಷ್ಟೇ ಬರೆದಿದ್ದೇನೆ. ಒಂದೊಂದು ಅಡುಗೆಗೆ ಒಂದೊಂದು ರೀತಿ ಬರೆಯಬೇಕು. ಎಲ್ಲವನ್ನೂ ಒಂದೇ ಅಚ್ಚಿಗೆ ಸುರಿಯುವವರ ಪುಸ್ತಕದಲ್ಲಿ ರೊಟ್ಟಿ ಯಾವತ್ತೂ ಸೀಳುತ್ತದೆ.

ಹಳೆಯ ನೋಟುಬುಕ್ಕುಗಳದ್ದು ಬೇರೆಯೇ ಕಥೆ. ನಮ್ಮತ್ತೆಯವರದು ಪಾವು, ಚಟಾಕು. ನನ್ನ ತಾಯಿಯದು ಸಿದ್ದೆ, ಕುಡ್ತೆ. ಮೆಟ್ರಿಕ್ ತೂಕ–ಅಳತೆಯ ಕಾಯ್ದೆ 1956ರಲ್ಲೇ ಬಂದರೂ ಅಡುಗೆಮನೆಯೊಳಗೆ ಅದು ಕಾಲಿಡಲು ಬಹಳ ವರ್ಷ ಹಿಡಿಯಿತು. ನಾಲ್ಕು ಪಾವಿಗೆ ಒಂದು ಸೇರು ಅನ್ನುವ ಲೆಕ್ಕ ಸರಿ, ಆದರೆ ಆ ಸೇರೇ ಊರಿಂದೂರಿಗೆ ಬೇರೆ. ಹೀಗಿರುವಾಗ ಯಾವುದೋ ಕೋಷ್ಟಕ ನೋಡಿ ಗ್ರಾಮಿಗೆ ತಿರುಗಿಸುವುದು ಬೇಡ. ಆ ಮನೆಯ ಪಾವನ್ನೇ ಹುಡುಕಿಸಿ, ಅಟ್ಟದ ಮೇಲಿದ್ದರೆ ಇಳಿಸಿ, ಅಂಚಿನವರೆಗೆ ನೀರು ತುಂಬಿ ತೂಗಿದರೆ ಅದು ಎಷ್ಟು ಹಿಡಿಯುತ್ತದೆಂದು ಗೊತ್ತಾಗುತ್ತದೆ. ಅಕ್ಕಿಯನ್ನು ಅವರು ತಲೆ ತಟ್ಟಿ ಅಳೆಯುತ್ತಿದ್ದರೋ ಗೋಪುರ ಬರುವಂತೆ ಅಳೆಯುತ್ತಿದ್ದರೋ ಅಂತ ಮನೆಯ ಹಿರಿಯರನ್ನು ಕೇಳಬೇಕು. ನಮ್ಮತ್ತೆ ಗೋಪುರದವರು.

ಮದುವೆ ಮನೆಯ ಅಡುಗೆ ಭಟ್ಟರ ಹತ್ತಿರ ಎಲ್ಲರೂ ಕೇಳುವುದು ಹುಳಿಯ ಪುಡಿಯನ್ನು. ನಾನು ಕೇಳುವುದಿಲ್ಲ, ಅದು ಅವರ ಅನ್ನ. ಅವರು ಹೇಳಿದ್ದಾದರೂ ಐನೂರು ಜನರ ಲೆಕ್ಕವನ್ನು ಐದು ಜನಕ್ಕೆ ಸುಮ್ಮನೆ ಭಾಗಿಸಲು ಬರುವುದಿಲ್ಲ. ದೊಡ್ಡ ಕೊಪ್ಪರಿಗೆಯಲ್ಲಿ ಒಳಗಿರುವುದು ಹೆಚ್ಚು, ಗಾಳಿಗೆ ತೆರೆದ ಮೇಲ್ಮೈ ಅದಕ್ಕೆ ಹೋಲಿಸಿದರೆ ಕಡಿಮೆ. ಹಾಗಾಗಿ ನೀರು ಇಂಗುವುದೂ ಕಡಿಮೆ, ಇಳಿಸಿದ ಮೇಲೂ ಗಂಟೆಗಟ್ಟಲೆ ಒಳಗೊಳಗೇ ಬೇಯುತ್ತಿರುತ್ತದೆ. ಮನೆಯ ಪಾತ್ರೆಗೆ ನೀರು ಸ್ವಲ್ಪ ಹೆಚ್ಚೇ ಬೇಕು. ಭಟ್ಟರಿಂದ ನಾನು ಕೇಳಿ ತಿಳಿದುಕೊಳ್ಳುವುದು ಯಾವುದರ ಹಿಂದೆ ಯಾವುದು ಅನ್ನುವ ಸರದಿಯನ್ನು. ಅದನ್ನು ಅವರು ಧಾರಾಳವಾಗಿ ಹೇಳುತ್ತಾರೆ.

ಇನ್ನು ಹಂಚುವ ವಿಷಯ. ನಾನು ಮನೆಯಲ್ಲಿ ಮಾಡಿ, ಮೂಲದವರಿಗೆ ಒಂದು ಬಟ್ಟಲು ಕೊಟ್ಟು, ಅವರು ಹೂಂ ಅಂದ ಮೇಲೂ ಹಾಳೆ ಹೊರಗೆ ಹೋಗುವುದಿಲ್ಲ. ಆ ಅಡುಗೆಯನ್ನು ಎಂದೂ ನೋಡದ ಒಬ್ಬರು, ನನಗೆ ಫೋನು ಮಾಡದೆ, ಹಾಳೆ ಒಂದನ್ನೇ ನೋಡಿ ಮಾಡಬೇಕು. ಈ ಕೆಲಸಕ್ಕೆ ನನಗೆ ಸಿಕ್ಕವನು ಜರ್ಮನಿಯಲ್ಲಿರುವ ಅಕ್ಕನ ಮಗ. ಒರಳಿಲ್ಲ, ಬೆಂಕಿ ಕಾಣುವ ಒಲೆಯಿಲ್ಲ, ಹೇಳಿದ್ದಕ್ಕಿಂತ ಒಂದು ಗ್ರಾಂ ಆಚೀಚೆ ಮಾಡದ ಹುಡುಗ. ನಿಂಬೆಹಣ್ಣಿನ ಗಾತ್ರದ ಹುಣಸೆ ಅಂತ ಎಲ್ಲರೂ ಬರೆಯುವುದನ್ನೇ ನಾನೂ ಬರೆದಿದ್ದೆ. "ಚಿಕ್ಕಮ್ಮ, ಯಾವ ನಿಂಬೆ? ಇಲ್ಲಿನದು ಮೂಸಂಬಿಯಷ್ಟಿದೆ" ಅಂತ ಮೆಸೇಜು ಬಂತು. ಅಂದಿನಿಂದ ಬೀಜ, ನಾರು ತೆಗೆದ ಹುಣಸೆ ಇಷ್ಟು ಗ್ರಾಂ ಅಂತಲೇ ಬರೆಯುವುದು. ಸಣ್ಣ ಉರಿ ಅಂದರೆ ಏನೆಂದೂ ಅವನು ಕೇಳಿದ. ಎಣ್ಣೆಗೆ ಹಾಕಿದ ಸಾಸಿವೆ ಸಿಡಿಯಲು ತಡ ಮಾಡಬೇಕು, ಆದರೆ ಸಿಡಿಯಬೇಕು ಅಂತ ಬರೆದೆ. ಅದು ಅವನ ಇಂಡಕ್ಷನ್ ಒಲೆಗೂ ಹೊಂದಿತು.

ಸಾಮಾನಿನ ಹೆಸರು ಎರಡೆರಡು ಬರೆಯುತ್ತೇನೆ: ಶೇಂಗಾ–ಕಡಲೆಕಾಯಿ ಬೀಜ, ಹವೀಜ–ಕೊತ್ತಂಬರಿ ಬೀಜ, ಗುರೆಳ್ಳು–ಹುಚ್ಚೆಳ್ಳು, ಪುಟಾಣಿ–ಹುರಿಗಡಲೆ. ಇಲ್ಲದಿದ್ದರೆ ಮೈಸೂರಿನ ನಾದಿನಿ ಅಂಗಡಿಯಿಂದಲೇ ಫೋನು ಮಾಡುತ್ತಾಳೆ.

ತಲೆಬರಹದಲ್ಲಿ ಮೂಲದವರ ಹೆಸರು ಇದ್ದೇ ಇರಬೇಕು: ಚಿಕ್ಕತ್ತೆಯ ಸಾರಿನ ಪುಡಿ, ಪಕ್ಕದ ಮನೆ ಅವ್ವನ ರೊಟ್ಟಿ. ಕಳಿಸುವ ಮೊದಲು ಅವರನ್ನು ಒಂದು ಮಾತು ಕೇಳುತ್ತೇನೆ. ಬಹುತೇಕ ಯಾರೂ ಬೇಡ ಅನ್ನುವುದಿಲ್ಲ, ಕೇಳಿದ್ದಕ್ಕೇ ಖುಷಿಪಡುತ್ತಾರೆ. ಬೇಡ ಅಂದವರದ್ದು ನನ್ನ ನೋಟುಬುಕ್ಕಿನಲ್ಲೇ ಇದೆ. ಕಳಿಸಿದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದು ಮಾತ್ರ ಕೈಯಲ್ಲಿಲ್ಲ. ಅದೇ ಸಾರಿನ ಪುಡಿ ಊರೆಲ್ಲ ಸುತ್ತಿ, ಒಂದು ದಿನ ದೂರದ ಸಂಬಂಧಿಕರೊಬ್ಬರಿಂದ ನನಗೇ ಬಂತು. ಚಿಕ್ಕತ್ತೆ ಮಾಯ, ಮೆಂತ್ಯದ ಮಾತು ಮಾಯ, ಕೊನೆಯಲ್ಲಿ ಒಂದು ಚಮಚ ಗರಂ ಮಸಾಲ! ಚಿಕ್ಕತ್ತೆಗೆ ಓದಿ ಹೇಳಿದೆ. "ಗರಂ ಮಸಾಲ ಹಾಕಿದವರೇ ತಿನ್ನಲಿ" ಅಂದರು. ನಾನು ಅಷ್ಟಕ್ಕೆ ಬಿಡಲಿಲ್ಲ, ಸರಿಯಾದ ಹಾಳೆಯನ್ನು ಅದೇ ಸಂಬಂಧಿಕರಿಗೆ ಹೆಸರು ಸಮೇತ ಮತ್ತೆ ಕಳಿಸಿದೆ.

ಎಷ್ಟು ಕೇಳಿದರೂ ಬರೆದು ಕಳಿಸದೇ ಇರುವುದು ಒಂದೇ, ಅಪ್ಪೆಮಿಡಿ ಉಪ್ಪಿನಕಾಯಿ. ಗುಟ್ಟೇನೂ ಇಲ್ಲ. ಉಪ್ಪಿನಲ್ಲಿ ಮಿಡಿ ಚಿರುಟಬೇಕು, ಆ ನೀರನ್ನು ಕುದಿಸಿ ಆರಿಸಿ ಖಾರ ಅರೆಯಬೇಕು, ಹೇಳಲು ಅಷ್ಟೇ. ಆದರೆ ಸಾರು ಕೆಟ್ಟರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ, ಉಪ್ಪಿನಕಾಯಿ ಕೆಟ್ಟದ್ದು ಗೊತ್ತಾಗುವುದು ಮಳೆಗಾಲ ಕಳೆದು ಭರಣಿ ತೆಗೆದಾಗ. ಅಷ್ಟರಲ್ಲಿ ಮಿಡಿಯ ಕಾಲ ಮುಗಿದಿರುತ್ತದೆ, ಮತ್ತೆ ಮಾಡಿ ನೋಡಲು ಒಂದು ವರ್ಷ ಕಾಯಬೇಕು. ನೆಲಕ್ಕೆ ಬಿದ್ದು ಏಟು ತಿಂದ ಒಂದು ಮಿಡಿ ಸಾಕು, ಇಡೀ ಭರಣಿ ಹಾಳಾಗಲು. ಆ ಏಟನ್ನು ಬೆರಳಲ್ಲಿ ಒತ್ತಿ ಗುರುತಿಸುವುದನ್ನು ನನಗೆ ಇನ್ನೂ ಬರೆಯಲು ಬಂದಿಲ್ಲ. ಕೇಳಿದವರಿಗೆ ಮಾರ್ಚಿ–ಏಪ್ರಿಲಿನಲ್ಲಿ ನಮ್ಮ ತವರಿಗೆ ಬನ್ನಿ ಅನ್ನುತ್ತೇನೆ. ಕಳೆದ ಬೇಸಿಗೆಯಲ್ಲಿ ಇಬ್ಬರು ನಿಜಕ್ಕೂ ಬಂದಿದ್ದರು. ಅವರಿಗೆ ಖಾರ ಅರೆಯುವ ಭಾಗ್ಯ ಸಿಗಲಿಲ್ಲ, ತೊಟ್ಟು ಮುರಿದ ಮಿಡಿ ಆರಿಸುವುದರಲ್ಲೇ ಸಂಜೆಯಾಯಿತು. ಈ ಸಲವೂ ಬರುತ್ತೇವೆ ಅಂದಿದ್ದಾರೆ.