ಸುಕ್ಕೇ ಇಲ್ಲದ ಜಾಮ್: ಆಫೀಸ್ ಪ್ರಿಂಟರ್ ರಿಪೇರಿಯಲ್ಲಿ ನನ್ನ ಅನುಭವ

ನಿಜವಾಗಿ ಸಿಕ್ಕಿಕೊಂಡ ಹಾಳೆ ಮಡಚಿರುತ್ತದೆ, ಅಂಚು ಹರಿದಿರುತ್ತದೆ. ನಮ್ಮ ಲೇಸರ್ ಪ್ರಿಂಟರ್ ‘ಪೇಪರ್ ಜಾಮ್’ ಅಂತ ನಿಂತಾಗ ಒಳಗಿನ ಹಾಳೆಗೆ ಒಂದು ಸುಕ್ಕೂ ಇರುತ್ತಿರಲಿಲ್ಲ. ಅದರ ಹಿಂದಿನ ಹಾಳೆ ಚೆನ್ನಾಗಿಯೇ ಹೊರಗೆ ಬಂದು ಟ್ರೇಯಲ್ಲಿ ಬಿದ್ದಿರುತ್ತಿತ್ತು. ಬಾಗಿಲು ತೆಗೆದು ಹಾಳೆ ಎಳೆದು ಮುಚ್ಚಿದರೆ ಸರಿ, ಹತ್ತು ಹದಿನೈದು ಹಾಳೆ ಆದ ಮೇಲೆ ಮತ್ತೆ ಅದೇ ಕಾಟ. ಈ ಮಷಿನ್ ಗುಜರಿ ಸೇರುವುದರಲ್ಲಿತ್ತು. ಈಗ ಇಡೀ ರಿಮ್ ಹಾಕಿದರೂ ನಿಲ್ಲದೆ ಓಡುತ್ತಿದೆ. ಆಗಲ್ಲ ಅಂದವರೂ ಅದರಲ್ಲೇ ಪ್ರಿಂಟ್ ತೆಗೆಯುತ್ತಿದ್ದಾರೆ.

ಮೊದಲು ದುಡ್ಡಿನ ವಿಷಯ. ಸರ್ವಿಸ್‌ನವರು ಬಂದು ಹಾಳೆ ಎತ್ತುವ ಪಿಕಪ್ ರೋಲರ್, ಒಂದೊಂದೇ ಹಾಳೆ ಬಿಡುವ ಸೆಪರೇಶನ್ ಪ್ಯಾಡ್ ಬದಲಾಯಿಸಿದರು. ಜಾಮ್ ಹೋಗಲಿಲ್ಲ. ಆಮೇಲೆ ಟೋನರನ್ನು (ಶಾಯಿ ಪುಡಿ) ಬಿಸಿ ಮಾಡಿ ಹಾಳೆಗೆ ಅಂಟಿಸುವ ಫ್ಯೂಸರ್ ಪೂರ್ತಿ ಹೊಸದು ಹಾಕಿದರು. ಆಗಲೂ ಹೋಗಲಿಲ್ಲ. ಹೊಸ ಮಷಿನ್ ಬೆಲೆಯ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಅಲ್ಲಿಗೇ ಕರಗಿತು. ಕೊನೆಗೆ ‘ಸರ್ಕ್ಯೂಟ್ ಬೋರ್ಡು ಹೋಗಿದೆ, ಹೊಸ ಪ್ರಿಂಟರೇ ತಗೊಳ್ಳಿ’ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಬೋರ್ಡು ಹೋಗಿದ್ದರೆ ಬೆಳಗ್ಗೆ ಮೊದಲ ಹಾಳೆಗಳು ಅಷ್ಟು ಸಲೀಸಾಗಿ ಬರುತ್ತವಾ? ಅವರು ಪ್ರತಿ ಸಲ ತಣ್ಣಗಿದ್ದ ಮಷಿನ್‌ನಲ್ಲಿ ಒಂದು ಹಾಳೆ ತೆಗೆದು ನೋಡಿ ಹೋಗುತ್ತಿದ್ದರು. ಒಂದೊಂದಾಗಿ ಕೊಟ್ಟರೆ ಎಷ್ಟು ಬೇಕಾದರೂ ಬರುತ್ತಿತ್ತು. ಬಿಸಿಯಾದ ಮೇಲೆ ಸಾಲಾಗಿ ಕೊಟ್ಟರೆ ಮಾತ್ರ ನಿಲ್ಲುತ್ತಿತ್ತು. ಸುಳಿವು ಇಲ್ಲೇ ಇತ್ತು, ಯಾರೂ ಹಿಡಿಯಲಿಲ್ಲ.

ನನ್ನ ಅನುಮಾನ ಇದ್ದದ್ದು ಫ್ಯೂಸರ್ ದಾಟಿದ ಮೇಲೆ ಬರುವ ಎಕ್ಸಿಟ್ ಸೆನ್ಸಾರ್ ಮೇಲೆ. ಹಾಳೆ ಬಂದಾಗ ಫ್ಲ್ಯಾಗ್ ಅನ್ನುವ ಸಣ್ಣ ತುಂಡನ್ನು ತಳ್ಳುತ್ತದೆ, ಅದು ಸರಿದು ಬೆಳಕು ಹಾದರೆ ಹಾಳೆ ಬಂತು ಅಂತ ಸೆನ್ಸಾರ್‌ಗೆ ತಿಳಿಯುತ್ತದೆ. ಹಾಳೆ ದಾಟಿದರೆ ಸ್ಪ್ರಿಂಗ್ ಫ್ಲ್ಯಾಗನ್ನು ವಾಪಸ್ ತರುತ್ತದೆ. ಸೆನ್ಸಾರ್‌ನ ಮೂರು ಪಿನ್ ಕನೆಕ್ಟರ್‌ಗೆ ಮೀಟರ್ ಹಿಡಿದೆ. ಫ್ಲ್ಯಾಗ್ ಬೆಳಕಿಗೆ ಅಡ್ಡ ನಿಂತಾಗ 3.2 ವೋಲ್ಟ್ ಹತ್ತಿರ ಬಂತು, ಅದು ಸರಿ. ಬೆರಳಲ್ಲಿ ಒತ್ತಿ ಪಕ್ಕಕ್ಕೆ ಸರಿಸಿದರೆ 0.2 ಆಸುಪಾಸಿಗೆ ಇಳಿಯಬೇಕು. ಇಳಿದದ್ದು 1.2ಕ್ಕೆ. ಸೆನ್ಸಾರ್ ಸಂದಿನಲ್ಲಿ ಕಾಗದದ ಧೂಳು ಮತ್ತು ಟೋನರ್ ಕೂತಿತ್ತು. ಮೆತ್ತನೆ ಬ್ರಷ್ ಆಡಿಸಿ, ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಅದ್ದಿದ ಹತ್ತಿಕಡ್ಡಿ ಹಾಯಿಸಿದೆ. 0.2 ಬಂತು. ಗಾಳಿ ಡಬ್ಬಿ ಮಾತ್ರ ಊದಬೇಡಿ, ಆ ಟೋನರ್ ಹಾರಿ ಲೇಸರ್ ಬೆಳಕು ಹಾಯಿಸುವ ಸ್ಕ್ಯಾನರ್ ಕನ್ನಡಿಯ ಕಡೆಗೂ ಹೋಗುತ್ತದೆ. ಇಷ್ಟಾದರೂ ಜಾಮ್ ಹಾಗೇ ಇತ್ತು.

ಆಗ ಲೆಕ್ಕ ಹಾಕಿದೆ. ಮಿನಿಟಿಗೆ 30 ಹಾಳೆ ಅಂದರೆ ಹಾಳೆಗೆ 2 ಸೆಕೆಂಡು. ಎ4 ಉದ್ದ 297 ಮಿ.ಮೀ., ಎರಡು ಹಾಳೆಗಳ ನಡುವಿನ ಸಂದು ನಮ್ಮ ಮಷಿನ್‌ನಲ್ಲಿ 40 ಮಿ.ಮೀ. ಇರಬಹುದು. ಒಂದು ಹಾಳೆಯ ಬಾಲ ದಾಟಿ ಇನ್ನೊಂದರ ತಲೆ ಬರುವಷ್ಟರಲ್ಲಿ ಫ್ಲ್ಯಾಗ್ ವಾಪಸ್ ಬಂದಿರಬೇಕು. ಅದಕ್ಕೆ ಸಿಗುವುದು ಹತ್ತಿರಹತ್ತಿರ ಕಾಲು ಸೆಕೆಂಡು. ಬರದಿದ್ದರೆ ಒಂದೇ ಹಾಳೆ ಇನ್ನೂ ದಾಟುತ್ತಲೇ ಇದೆ ಅಂತ ಮಷಿನ್ ತಿಳಿದುಕೊಂಡು ನಿಂತುಬಿಡುತ್ತದೆ.

ಇಷ್ಟು ಸಣ್ಣ ಹೊತ್ತು ಮೀಟರ್‌ಗೆ ಸಿಗಲ್ಲ. ನಮ್ಮ ಮಷಿನ್ ಹಿಂದಿನ ಬಾಗಿಲು ತೆರೆದಿದ್ದರೂ ಪ್ರಿಂಟ್ ಕೊಡುತ್ತದೆ, ಫ್ಲ್ಯಾಗ್ ಅಲ್ಲಿಂದ ಕಾಣುತ್ತದೆ. ಫೋನಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್ ಇಟ್ಟು, ವಿಡಿಯೋ ತೆಗೆದೆ. ತಣ್ಣಗಿದ್ದಾಗ ಫ್ಲ್ಯಾಗ್ ಹತ್ತು ಹನ್ನೆರಡು ಫ್ರೇಮಿನಲ್ಲಿ ಟಪ್ ಅಂತ ವಾಪಸ್ ಬರುತ್ತದೆ. ಬಿಸಿಯಾದ ಮೇಲೆ ಅದೇ ಫ್ಲ್ಯಾಗ್ ಅರ್ಧ ದಾರಿಯಲ್ಲಿ ತಡೆದು, ಜಾರಿಕೊಂಡು, 70 ಫ್ರೇಮ್ ತಿನ್ನುತ್ತದೆ. ಕಾಲು ಸೆಕೆಂಡು ದಾಟಿಹೋಯಿತಲ್ಲ! ವಿಡಿಯೋ ತೋರಿಸಿದ ಮೇಲೆ ಬೋರ್ಡಿನ ಮಾತು ಯಾರೂ ಎತ್ತಲಿಲ್ಲ.

ಫ್ಲ್ಯಾಗ್ ಬಿಚ್ಚಿದಾಗ ಅದು ತಿರುಗುವ ಕಡ್ಡಿಯ ಮೇಲೆ ಕಂದು ಬಣ್ಣದ ಅಂಟು ಸಿಕ್ಕಿತು. ಹಳೆ ಗ್ರೀಸಿಗೆ ಟೋನರ್ ಸೇರಿ ಆದದ್ದು. ತಣ್ಣಗಿದ್ದಾಗ ಗಟ್ಟಿ, ಬಿಸಿಗೆ ಬೆಲ್ಲದ ಪಾಕ. ಇದು ಇದ್ದದ್ದು ಫ್ಯೂಸರ್ ಹೊರಗಿನ ಚೌಕಟ್ಟಿನಲ್ಲಿ. ಫ್ಯೂಸರ್ ಬದಲಾಯಿಸಿದಾಗಲೂ ಇದು ಅಲ್ಲೇ ಉಳಿದಿತ್ತು. ಅಂಟು ತೆಗೆದ ಮೇಲೆ ಬಿಸಿಯಲ್ಲಿ 40 ಫ್ರೇಮಿಗೆ ಬಂತು. ಆದರೂ ಅಂಚು ಸುರುಳಿದ ಹಾಳೆ ಬಂದಾಗ ಅಪರೂಪಕ್ಕೊಮ್ಮೆ ನಿಲ್ಲುತ್ತಿತ್ತು. ಬೇರೊಂದು ಗುಜರಿ ಮಷಿನ್‌ನಿಂದ ಗಟ್ಟಿ ಸ್ಪ್ರಿಂಗ್ ತೆಗೆದು ಹಾಕಿ ನೋಡಿದೆ. ಫ್ಲ್ಯಾಗ್ ಓಡಿತು, ಆದರೆ 70 ಜಿಎಸ್ಎಂ ತೂಕದ ತೆಳು ಹಾಳೆಯ ಮುಂದಿನ ಅಂಚು ಮಡಚಿಕೊಂಡು ಬರತೊಡಗಿತು. ಹಳೆ ಸ್ಪ್ರಿಂಗನ್ನೇ ಮತ್ತೆ ಹಾಕಿ, ಅದರ ಒಂದು ಕಾಲು ಸ್ವಲ್ಪ ಬಗ್ಗಿಸಿದೆ. ಈಗ ಬಿಸಿಯಲ್ಲೂ 15 ಫ್ರೇಮ್. ಎಷ್ಟು ಬಗ್ಗಿಸಿದೆ, ಕಡ್ಡಿಗೆ ಏನು ಸವರಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಎಣ್ಣೆಯಲ್ಲ, ಸ್ಪ್ರೇಯೂ ಅಲ್ಲ ಅಂತ ಮಾತ್ರ ಹೇಳಬಲ್ಲೆ, ಎರಡೂ ಟೋನರನ್ನು ಎಳೆದುಕೊಳ್ಳುತ್ತವೆ.

ಬಿಚ್ಚಿದ್ದಕ್ಕೆ ಎರಡನೇ ಟ್ರೇಯನ್ನೂ ನೋಡಿದೆ. ಅಲ್ಲಿ ಹಾಳೆ ತಡವಾಗಿ ಏಳುತ್ತಿತ್ತು, ಕೆಲವೊಮ್ಮೆ ಎರಡೆರಡು ಬರುತ್ತಿದ್ದವು. ರೋಲರ್ ಚೆನ್ನಾಗಿತ್ತು. ಸೊಲೆನಾಯ್ಡ್ (ಕರೆಂಟ್ ಕೊಟ್ಟಾಗ ಎಳೆಯುವ ಸಣ್ಣ ಅಯಸ್ಕಾಂತ) ಬಡಿಯುವ ಜಾಗದ ಸ್ಪಂಜು ಕರಗಿ ಅಂಟಾಗಿತ್ತು, ಅದರ ಆಡುವ ಪಟ್ಟಿ, ಆರ್ಮೇಚರ್, ಬಿಡಲು ತಡ ಮಾಡುತ್ತಿತ್ತು. ಕೆರೆದು ತೆಗೆದು ತೆಳು ಬಟ್ಟೆ ಟೇಪ್ ಅಂಟಿಸಿದೆ. ‘ಟಕ್’ ಅನ್ನುವ ಸದ್ದು ಸ್ವಲ್ಪ ಜಾಸ್ತಿಯಾಗಿದೆ, ಹಾಳೆ ಮಾತ್ರ ಒಂದೊಂದೇ ಬರುತ್ತಿದೆ. ಹೊಸ ರೋಲರ್ ಹಾಕುವ ಮುಂಚೆ ಇದನ್ನು ನೋಡಿ, ಆ ಖರ್ಚು ಉಳಿಯಬಹುದು.

ತಪ್ಪು ಹಾಳೆಯದೇ ಇರಬಹುದಾ ಅಂತ ಒಂದು ವಾರ ತೆರೆದಿಟ್ಟ ರಿಮ್ಮನ್ನೂ ಆಗಷ್ಟೇ ಒಡೆದ ರಿಮ್ಮನ್ನೂ ಹೋಲಿಸಿ ನೋಡಿದೆ. ತೇವ ಹಿಡಿದ ಹಾಳೆ ಜಾಸ್ತಿ ಸುರುಳುತ್ತದೆ ನಿಜ, ಮಗುಚಿ ಹಾಕಿದರೆ ಕಡಿಮೆಯಾಗುತ್ತದೆ. ಆದರೆ ಫ್ಲ್ಯಾಗ್ ನಿಧಾನವಿದ್ದಾಗ ಯಾವ ಹಾಳೆ ಹಾಕಿದರೂ ಮಷಿನ್ ನಿಲ್ಲುತ್ತಿತ್ತು.

ನನಗಾದ ಖರ್ಚು ಒಂದು ಸಣ್ಣ ಬಾಟಲಿ ಐಪಿಎ ಮತ್ತು ಹತ್ತಿಕಡ್ಡಿ. ಎರಡೂ ಬದಿ ಪ್ರಿಂಟ್ ಮಾಡುವ ಡ್ಯೂಪ್ಲೆಕ್ಸ್‌ನಲ್ಲಿ ದಪ್ಪ ಹಾಳೆ ಹಾಕಿದರೆ ಇನ್ನೂ ಒಮ್ಮೊಮ್ಮೆ ತಡವರಿಸುತ್ತದೆ. ಅಲ್ಲಿರುವ ಫ್ಲ್ಯಾಗ್ ಹಿಂದಿನಿಂದ ಕಾಣುವುದಿಲ್ಲ. ಪಕ್ಕದ ಕವರ್ ಬಿಚ್ಚಿ ಫೋನ್ ನಿಲ್ಲಿಸಲು ಜಾಗ ಹುಡುಕುತ್ತಿದ್ದೇನೆ.