ಹಳೇ ಜನರೇಟರ್‌ನ ಡ್ರೈನ್ ಪ್ಲಗ್ ಬಿಚ್ಚಿದ್ದು

ಶೆಡ್‌ನಲ್ಲಿ ಧೂಳು ತಿನ್ನುತ್ತಿದ್ದ ಪೆಟ್ರೋಲ್ ಜನರೇಟರ್‌ಗೆ ಆಯಿಲ್ ಬದಲಿಸಬೇಕಿತ್ತು. ಹಳೇ ಆಯಿಲ್ ಹೊರಬಿಡಲು ಬಿಚ್ಚುವ ಡ್ರೈನ್ ಪ್ಲಗ್ ಚೌಕ ತಲೆಯದು, ಯಾರೋ ಸ್ಕ್ರೂ ಸ್ಪ್ಯಾನರ್ ಹಾಕಿ ಮೂಲೆಗಳನ್ನೆಲ್ಲ ಸವೆಸಿದ್ದರು. ಇಂಥದ್ದಕ್ಕೆ ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಹಾಕಿದರೆ ಉಳಿದ ಮೂಲೆಯೂ ಹೋಗುತ್ತದೆ. ಬೆಂಗಳೂರಿನ ಎಸ್‌ಜೆಪಿ ರೋಡಿನಲ್ಲಿ, ಚೌಕ ತಲೆಗೆ ಸರಿಯಾಗಿ ಕೂರುವ ಎಂಟು ಮೂಲೆಯ ಸಾಕೆಟ್ ಹುಡುಕಿ ತಂದೆ. (ಮೊದಲೆರಡು ಅಂಗಡಿಯವರು ಅದು ಬರೋದೇ ಇಲ್ಲ ಅಂದರು!)

ಸುತ್ತಲಿನ ಕೊಳೆಯನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ಕೆಲಸ ಮಾಡಿದ್ದು ನಿಜವಾಗಿ ಬಿಸಿ. ಪ್ಲಗ್ ಕೂತಿರುವ ಎಂಜಿನ್ ಕವಚ (ಕ್ರ್ಯಾಂಕ್‌ಕೇಸ್) ಅಲ್ಯೂಮಿನಿಯಂ, ಪ್ಲಗ್ ಉಕ್ಕು. ಕಾಯಿಸಿದರೆ ಅಲ್ಯೂಮಿನಿಯಂ ಉಕ್ಕು ಹಿಗ್ಗುವುದರ ಸುಮಾರು ಎರಡರಷ್ಟು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಟ್ಯಾಂಕ್ ಬೇರೆ ಕಡೆ ಇಟ್ಟು, ಎಣ್ಣೆಯನ್ನೆಲ್ಲ ಒರೆಸಿ, ಸ್ಪಾರ್ಕ್ ಪ್ಲಗ್ ವೈರ್ ಕಿತ್ತು, ಗಾಳಿಯಾಡುವ ಜಾಗದಲ್ಲಿ, ಬಿಸಿ ಗಾಳಿ ಊದುವ ಹೀಟ್ ಗನ್ ಅನ್ನು ಕೇಸಿಗೆ ಹಿಡಿದೆ. ಬೆಂಕಿ ಮಾತ್ರ ಬೇಡವೇ ಬೇಡ. ಮೊದಲು ಬಿಗಿಯುವ ಕಡೆಗೇ ಕೂದಲೆಳೆಯಷ್ಟು ತಳ್ಳಿ, ಆಮೇಲೆ ಉದ್ದ ಹಿಡಿಯಿಂದ ಎಳೆದೆ. ಟಕ್ ಅಂತ ಬಿಟ್ಟಿತು.

ವಾಪಸ್ ಹಾಕುವಾಗ ತುದಿಯ ಕಡೆ ಸಪೂರವಾಗುವ ಟೇಪರ್ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ ಹಿತಮಿತವಾಗಿ ಬಿಗಿದೆ. ಜೋರು ಮಾಡಿದರೆ ಕೇಸೇ ಸೀಳುತ್ತದೆ.